ತಕ್ಕಡಿಗೆ ಹಾಕಿದ ತಾಮ್ರ

ಮೂರು ವರ್ಷದ ಹಿಂದಿನ ಮಾತು. ಹೋಳಿ ಹುಣ್ಣಿಮೆ ಹತ್ತಿರವಿತ್ತು. ನಮ್ಮ ಸಂಶಿಯಲ್ಲಿ ಆ ದಿನಗಳೆಂದರೆ ಮನೆಮನೆಯಲ್ಲೂ ವರ್ಷದ ಖಾರಪುಡಿ ಮಾಡಿಸಿಡುವ ಗಡಿಬಿಡಿ. ನಾನು ಊರಲ್ಲಿ ಖಾರದ ಗಿರಣಿ ನಡೆಸುತ್ತೇನೆ. ಮಾವನವರು ಹಾಕಿದ್ದು, ಅವರಿಗೆ ಮೊಣಕಾಲು ಸೋತ ಮೇಲೆ ನಾನೇ ನೋಡಿಕೊಳ್ಳುತ್ತ ಬಂದಿದ್ದೇನೆ.

ಯಂತ್ರ ಜೋರಾಗಿ ತಿರುಗಿದರೆ ಪುಡಿ ಕಾದು ಬಣ್ಣ ಕಂದುತ್ತದೆ. ಅದಕ್ಕೇ ಆ ವರ್ಷ ಹುಬ್ಬಳ್ಳಿಯಿಂದ ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್ ಒಂದನ್ನು ತರಿಸಿ ಗೋಡೆಗೆ ಕೂಡಿಸಿದ್ದೆ. ಕೆಂಪು ಅಂಕಿ ಬೆಳಗುವ ಸಣ್ಣ ಡಬ್ಬಿ. ಒಂದು ಗುಂಡಿ ಒತ್ತಿದರೆ ಮೋಟಾರು ನಿಧಾನ, ಇನ್ನೊಂದು ಒತ್ತಿದರೆ ಜೋರು. ಸುತ್ತಲಿನ ಯಾವ ಗಿರಣಿಯಲ್ಲೂ ಅದಿರಲಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದೆ.

ಹದಿನೈದು ದಿನಕ್ಕೆ ಮೋಟಾರು ಸುಟ್ಟಿತು. ಹುಸೇನಸಾಬ ಕಾಕಾನನ್ನು ಕರೆಸಿದೆ. ಬಸ್ ನಿಲ್ದಾಣದ ಬಾಜು ಅವರ ಅಂಗಡಿ. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ನಮ್ಮ ಮೋಟಾರಿಗೆ ತಂತಿ ಸುತ್ತುತ್ತಿದ್ದವರು ಅವರೇ. ಬಿಚ್ಚಿದರು, ಹೊಸ ತಂತಿ ಸುತ್ತಿ ಕೊಟ್ಟರು. ಮತ್ತೆ ಎಂಟು ದಿನಕ್ಕೆ ಸುಟ್ಟಿತು. ಎರಡನೇ ಸಲ ಜೋಡಿಸಿ ಚಾಲೂ ಮಾಡಿದಾಗ ಕಾಕಾ ಬಗ್ಗಿ, ಕಿವಿಯನ್ನು ಮೋಟಾರಿನ ಹತ್ತಿರ ಹಿಡಿದು ಬಹಳ ಹೊತ್ತು ನಿಂತರು.

“ಗಿರಿಜವ್ವಾ, ಇದು ಮೊದಲ ಗುಂಯ್ ಅಂತ ತಿರಗತಿತ್ತು. ಈಗ ಸಿಳ್ಳಿ ಹೊಡ್ಯಾಕತ್ತೈತಿ, ನಡುವ ಕರಕರ ಅಂತೈತಿ. ಬರೂ ಕರೆಂಟಿನಾಗ ಏನೋ ಹರಕು ಐತಿ ನೋಡವಾ. ಆ ಡಬ್ಬಿ ಯಾರಿಗಾದ್ರೂ ತೋರಸು.”

“ಕಾಕಾ, ಅದು ಡಿಜಿಟಲ್ ಐತ್ರಿ. ಅದ್ರಾಗ ಹರಕು ಎಲ್ಲಿಂದ ಬರಬೇಕು? ನೀವು ತಂತಿ ಸರಿ ಸುತ್ರಿ ಸಾಕು,” ಎಂದೆ.

ಮೂರನೇ ಸಲ ಸುಟ್ಟದ್ದು ಸೋಮವಾರ ಬೆಳಿಗ್ಗೆ. ಗಿರಣಿಯಲ್ಲಿ ಮೂವತ್ತು ಮಂದಿ ಚೀಲ ಇಟ್ಟುಕೊಂಡು ಕೂತಿದ್ದರು. ಒಬ್ಬಾಕೆ ಮಗಳ ಮದುವೆಯ ಖಾರ ತಂದಿದ್ದಳು, ಸಿಟ್ಟು ಬಂದು ಏನೇನೋ ಅಂದಳು. ಯಾರೋ ಹಿಂದಿನಿಂದ, “ತಾಮ್ರ ಕಡಿಮಿ ಸುತ್ತಿರಬೇಕ್ರಿ, ಈಗಿನ ಕಾಲದಾಗ ಯಾರನ್ನ ನಂಬೂದು?” ಎಂದರು. ಆ ಮಾತು ನನ್ನ ತಲೆಗೆ ಏರಿತು. ಕಾಕಾ ಬಂದು ಮೋಟಾರು ಬಿಚ್ಚಿ, ಕರಕಾದ ತಂತಿಯನ್ನೆಲ್ಲ ಹೊರಗೆ ತೆಗೆದಿಟ್ಟಾಗ ನಾನು ಹೇಳಿದೆ:

“ಅದನ್ನ ತಕ್ಕಡಿಗೆ ಹಾಕ್ರಿ.”

ಅವರು ನನ್ನ ಮುಖ ನೋಡಿದರು. “ಏನಂದಿ?”

“ತೂಕ ಮಾಡೂಣು. ಎಷ್ಟು ತಾಮ್ರ ಹಾಕೀರಿ ಅನ್ನೂದು ಎಲ್ಲಾರಿಗೂ ಗೊತ್ತಾಗ್ಲಿ.”

ಮೆಣಸಿನಕಾಯಿ ತೂಗುವ ತಕ್ಕಡಿಗೆ ಅವರು ತಾವೇ ತಂತಿಯನ್ನು ಎತ್ತಿ ಹಾಕಿದರು. ಚೀಟಿಯಲ್ಲಿ ಬರೆದುಕೊಟ್ಟಿದ್ದಷ್ಟೇ ತೂಕ ಬಂತು. ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಅಷ್ಟು ಮಂದಿಯ ಎದುರು ಸೋಲಲು ಮನಸ್ಸಾಗಲಿಲ್ಲ. “ತೂಕ ಏನೋ ಬಂತು, ತಾಮ್ರ ಖರೇದೋ ಕಲಬೆರಕಿದೋ ಯಾರಿಗೆ ಗೊತ್ತು,” ಎಂದೆ. ನಾಲ್ಕೈದು ಮಂದಿ ನಕ್ಕರು.

ಕಾಕಾ ಪಕ್ಕಡ, ಸುತ್ತಿಗೆ ಎಲ್ಲ ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಅದೇ ವಾರ ಹೊಸ ಮೋಟಾರು ತಂದೆ. ಗಿರಣಿಗೆ ಬಂದವರು ಆ ಮಾತನ್ನು ತಮ್ಮ ತಮ್ಮ ಊರಿಗೆ ಒಯ್ದಿದ್ದರು. ರೈತರ ಪಂಪಿನ ಮೋಟಾರುಗಳು ಕಾಕಾನ ಅಂಗಡಿ ಬಿಟ್ಟು ಕುಂದಗೋಳಕ್ಕೋ ಹುಬ್ಬಳ್ಳಿಗೋ ಹೋಗತೊಡಗಿದವು. ಮಳೆಗಾಲ ಶುರುವಾಗುವ ಹೊತ್ತಿಗೆ ಅಂಗಡಿಗೆ ಬೀಗ ಬಿತ್ತು. ನಿಜ ಹೇಳುತ್ತೇನೆ, ಆಗ ನನಗೆ ಕೆಡುಕೆನಿಸಲಿಲ್ಲ. ನನ್ನ ಅನುಮಾನ ಖರೇ ಆಯಿತೆಂದೇ ಅಂದುಕೊಂಡೆ.

ಹಂಗಾಮು ಮುಗಿದು ಕೆಲಸ ಕಡಿಮೆಯಿದ್ದರೂ, ಶ್ರಾವಣದಲ್ಲಿ ಹೊಸ ಮೋಟಾರೂ ಸುಟ್ಟಿತು.

ಈ ಸಲ ಧಾರವಾಡದಿಂದ ಒಬ್ಬ ಇಂಜಿನಿಯರನ್ನು ಕರೆಸಿದೆ. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೋಟಾರನ್ನು ಮುಟ್ಟುವ ಮೊದಲೇ ಡ್ರೈವಿನ ತಂತಿಗಳಿಗೆ ಸಣ್ಣ ಟಿವಿಯಂಥ ಯಂತ್ರ ಜೋಡಿಸಿ ನನ್ನನ್ನು ಕರೆದಳು. ಪರದೆಯ ಮೇಲೆ ಮೊನಚು ಮೊನಚಾದ ಗೆರೆ ಕುಣಿಯುತ್ತಿತ್ತು.

“ಮೋಟಾರಿಗೆ ಹೋಗೂ ಕರೆಂಟು ನುಣ್ಣಗ ಏರಿ ನುಣ್ಣಗ ಇಳೀಬೇಕ್ರಿ ಅಕ್ಕಾರ, ಕೆರೀ ನೀರಿನ ಅಲಿ ಹಂಗ. ಡ್ರೈವ್ ಆ ಅಲೀನ ಲೆಕ್ಕಾ ಹಾಕಿ ತುಣುಕು ತುಣುಕು ಜೋಡಿಸಿ ಕಟ್ಟತೈತಿ. ಛಲೋ ಡ್ರೈವ್ ಆದ್ರ ತುಣುಕು ಗೊತ್ತಾಗೂದಿಲ್ಲ. ಇದು ನೋಡ್ರಿ, ಗರಗಸದ ಹಲ್ಲು. ಈ ಚೂಪು ತುದಿ ಬಡದು ಬಡದು ತಂತಿ ಮ್ಯಾಲಿನ ವಾರ್ನಿಶ್ ಹರಕೊಂಡು ಹೋಗತೈತಿ, ತಂತಿಗೆ ತಂತಿ ತಾಗತೈತಿ. ಯಾರು ಸುತ್ತಿದ್ರೂ ಸುಡೂದ.”

ಕಾಕಾನ ವಿಷಯ ಅವಳಿಗೇನು ಗೊತ್ತು, ಇನ್ನೊಂದು ಮಾತು ಸೇರಿಸಿದಳು: “ನಿಮ್ಮ ಮೋಟಾರ್ ಕಟ್ಟವ್ರು ಹೇಳಲಿಲ್ಲೇನ್ರಿ? ಅನುಭವ ಇದ್ದವ್ರಿಗೆ ಸಪ್ಪಳದಾಗ ತಿಳೀತೈತಿ.”

ಅಲೆ ನುಣ್ಣಗಿರುವ ಬೇರೆ ಡ್ರೈವ್ ಕೂಡಿಸಿ, ಆ ಚೂಪು ತುದಿಗಳನ್ನು ಸೋಸುವ ಫಿಲ್ಟರ್ ಒಂದನ್ನು ಹಾಕಿ ಹೋದಳು. ಮೋಟಾರಿಗೆ ಮತ್ತೆ ತಂತಿ ಸುತ್ತಿಸಿದೆ, ಅಂದಿನಿಂದ ಅದು ಸುಟ್ಟಿಲ್ಲ.

ಕಾಕಾ ಅಣ್ಣಿಗೇರಿಯ ಒಂದು ಬೀಜದ ಗೋದಾಮಿನಲ್ಲಿ ಕಾವಲಿಗೆ ಸೇರಿದ್ದಾರೆಂದು ತಿಳಿಯಿತು. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ ಹೋದೆ. ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಲಾರಿಗಳ ನಂಬರು ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಅದೇ ಕುರ್ಚಿ ಮುಂದೆ ಮಾಡಿದರು.

“ಬರ್ರಿ ಅಕ್ಕಾರ, ಕುಂದರ್ರಿ.”

ಯಾವತ್ತೂ ‘ಗಿರಿಜವ್ವಾ’ ಎಂದು ಕರೆದವರು. ಆ ‘ಅಕ್ಕಾರ’ ಕೇಳಿ ಕೂರಲು ಆಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ತಪ್ಪಾಯಿತೆಂದು ಕೈ ಮುಗಿದೆ. ಅವರು ಕೊನೆಯವರೆಗೂ ಕೇಳಿದರು. ಸಿಟ್ಟು ಮಾಡಲಿಲ್ಲ.

“ಅಲ್ರಿ, ಅವತ್ತು ಅಂದದ್ದು ಮೂವತ್ತು ಮಂದಿ ಮುಂದ. ಇವತ್ತ ಹೇಳಾಕತ್ತೀರಿ, ಇಲ್ಲಿ ಯಾರದಾರ್ರಿ? ನೀವು, ನಾನು, ಈ ಬೀಜದ ಚೀಲ.”

“ನೀವು ಊರಿಗೆ ಬರ್ರಿ ಕಾಕಾ. ಎಲ್ಲಾರ ಮುಂದ ಹೇಳತೀನಿ.”

“ನನ್ಯಾಕ ಕರೀತೀರಿ? ಹೇಳೂದಿದ್ರ ನಾ ಇಲ್ಲದಾಗೂ ಹೇಳಬಹುದಲ್ರಿ.” ಅಷ್ಟರಲ್ಲಿ ಲಾರಿ ಬಂತು. ಅವರು ಪುಸ್ತಕ ಹಿಡಿದು ಅತ್ತ ನಡೆದರು.

ಊರಿಗೆ ಬಂದು ಹೇಳಿದೆ. ಗಿರಣಿಗೆ ಬಂದ ಒಬ್ಬೊಬ್ಬರಿಗೂ ಹೇಳಿದೆ. “ಹೌದೇನ್ರಿ?” ಎಂದು ಚೀಲದ ಬಾಯಿ ಕಟ್ಟಿಕೊಂಡು ಹೋದರು. “ಇರಲಿ ಬಿಡ್ರಿ, ನಿಮ್ಮ ಮೋಟಾರ್ ಸರಿ ಆತಲ್ಲ,” ಎಂದರು ಕೆಲವರು. ಒಬ್ಬರಂತೂ “ಏನೂ ತಪ್ಪ ಮಾಡಿರಲಿಲ್ಲಂದ್ರ ಅಂವ ಅಂಗಡಿ ಯಾಕ ಮುಚ್ಚತಿದ್ದ?” ಎಂದು ನನ್ನನ್ನೇ ಕೇಳಿದರು.

ಈ ವರ್ಷವೂ ಹೇಳುತ್ತಿದ್ದೆ. ಪಕ್ಕದ ಹಳ್ಳಿಯಿಂದ ಮೊದಲ ಸಲ ಬಂದಿದ್ದ ರೈತರೊಬ್ಬರು ನಡುವೆಯೇ ತಡೆದರು.

“ಆ ಹುಸೇನಸಾಬ ತಾಮ್ರ ಕದೀತಿದ್ದ ಅಂತಲ್ರಿ?”

“ಯಾರಂದ್ರು ನಿಮಗ?” ಎಂದೆ.

“ಯಾರೋ ಗಿರಣಿ ಬಾಯಾರಂತ್ರಿ, ಎಲ್ಲಾರ ಮುಂದ ತಕ್ಕಡಿಗೆ ಹಾಕಿ ಹಿಡದ್ರಂತ.”

ಆ ಗಿರಣಿಯವಳು ನಾನೇ ಎಂದೆ. ಅವರು ಮೆಚ್ಚುಗೆಯಿಂದ ತಲೆಯಾಡಿಸಿದರು.