ಮೊದಲ ರಂಗಸಜ್ಜಿಕೆಗೆ ಅಡ್ಡ ಬಂದ ಫ್ಲೆಕ್ಸ್

ಕೋಟೇಶ್ವರದಲ್ಲಿ ಸಂಘವೊಂದರ ವಾರ್ಷಿಕೋತ್ಸವ. ಶಾಮಿಯಾನದ ಕೆಲಸದವನಾದ ನಾನು ದಾನಿಗಳ ಫ್ಲೆಕ್ಸ್ ಕಟ್ಟಲು ವೇದಿಕೆಯಲ್ಲಿ ಏಣಿ ಹತ್ತಿದ್ದೆ. ಕೆಳಗೆ ಹುಡುಗಿಯೊಬ್ಬಳು ನನ್ನ ಕೈಯಲ್ಲಿದ್ದ ಫ್ಲೆಕ್ಸನ್ನೇ ನೋಡುತ್ತ ನಿಂತಿದ್ದಳು. ಸಂಜೆಯ ನಾಟಕಕ್ಕೆಂದು ತೆಂಗಿನ ಮಡಲು, ಹಳೇ ಬಲೆ ಸೇರಿಸಿ ಮೀನುಗಾರರ ಮನೆಯೊಂದನ್ನು ನಿಲ್ಲಿಸಿದ್ದಳು. ಅದು ಅವಳ ಮೊದಲ ರಂಗಸಜ್ಜಿಕೆಯಂತೆ. ಫ್ಲೆಕ್ಸ್ ಇಳಿಬಿಟ್ಟರೆ ಆ ಮನೆ ಪೂರ್ತಿ ಮುಚ್ಚಿಹೋಗುತ್ತಿತ್ತು.

ನಾನು ಕೆಳಗಿಳಿದೆ.

"ಹ್ವಾಯ್, ಎಂತ ಆಯ್ತ್? ದಾನಿಗಳ ಹೆಸ್ರ್ ಕಾಂಬುದ್ ಬ್ಯಾಡ್ದಾ?" ಎಂದು ಕಾರ್ಯದರ್ಶಿ ಕೂಗಿದರು.

"ಗೇಟಿಗ್ ಕಟ್ತೆ, ಒಳ್ಗ್ ಬಪ್ಪೋರೆಲ್ಲ ಓದ್ಕಂಡೇ ಬತ್ರ್. ಇಲ್ಲೇ ಬೇಕಂದ್ರೆ ಬೇರೆಯವ್ರನ್ನ ಕರ್ಸಿ" ಎಂದೆ. ಅವರು ಗೊಣಗುತ್ತಲೇ ಒಪ್ಪಿದರು.

ಪರದೆ ಸರಿದಾಗ, ನಟರು ಬರುವ ಮೊದಲೇ ಜನ ಚಪ್ಪಾಳೆ ತಟ್ಟಿದರು. ಶಾಲೆ ಬಿಟ್ಟಾಗಿನಿಂದ ಎಷ್ಟೋ ವೇದಿಕೆ ಕಟ್ಟಿದ್ದೇನೆ. ನಾಟಕ ಮುಗಿಯುವವರೆಗೆ ಕೂತು ನೋಡಿದ್ದು ಅದೇ ಮೊದಲು.