ಎಂಟು ಗಂಟೆಯ ಗುಳಿಗೆ

ಮೊದಲು ಚಪ್ಪಲಿ ಬಿಗಿಯಾದವು. ಸಣ್ಣ ಅಳತೆಯವನ್ನು ಕೊಟ್ಟಿದ್ದಾನೆಂದು ಅಂಗಡಿಯವನನ್ನು ಬೈದೆ. ಬಾತದ್ದು ನನ್ನ ಕಾಲು. ಗೋಕಾಕದ ಡಾಕ್ಟರು ರಕ್ತದಲ್ಲಿ ಕ್ರಿಯಾಟಿನಿನ್ ಏರಿದ್ದು ನೋಡಿ ಬೆಳಗಾವಿಗೆ ಕಳಿಸಿದರು.

ಎರಡೂ ಕಿಡ್ನಿ ಕೆಲಸ ಬಿಟ್ಟಿದ್ದವು.

ವರ್ಷವಿಡೀ ಡಯಾಲಿಸಿಸ್. ಆಮೇಲೆ ಕೌಜಲಗಿಯಿಂದ ಅವ್ವ ಬಂದು ತನ್ನದೊಂದು ಕಿಡ್ನಿ ಕೊಟ್ಟಳು. ಕಲ್ಲೋಳಿಯ ನನ್ನ ಮನೆಯಲ್ಲೇ ಉಳಿದಳು. ನಾನು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತೆ. ಹೊಸ ಕಿಡ್ನಿ ಉಳಿಯಲೆಂದು ಟ್ಯಾಕ್ರೊಲಿಮಸ್ ಗುಳಿಗೆ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಇದೇನು ಮಹಾ ಎಂದುಕೊಂಡಿದ್ದೆ.

ನಮ್ಮಲ್ಲಿ ಲಿಂಗಪೂಜೆಯಾಗದೆ ಬಾಯಿಗೆ ನೀರೂ ಇಲ್ಲ. ಶ್ರಾವಣ ಬಂತು. ಅವ್ವನ ಪೂಜೆ ಉದ್ದವಾಯಿತು, ಜೊತೆಗೆ ಕೂತ ನನ್ನದೂ. ಎಂಟರ ಗುಳಿಗೆ ಒಂದು ದಿನ ಒಂಬತ್ತೂವರೆಗೆ, ಇನ್ನೊಂದು ದಿನ ಹನ್ನೊಂದಕ್ಕೆ. ಪೂಜೆಗಾಗಿ ತಡವಾದರೆ ಆ ಶಿವನೇ ನೋಡಿಕೊಳ್ಳುತ್ತಾನೆಂಬ ಧೈರ್ಯ. ನನ್ನಲ್ಲಿ ಧೈರ್ಯಕ್ಕೇನೂ ಕಡಿಮೆಯಿಲ್ಲ, ಬುದ್ಧಿಗೆ ಮಾತ್ರ ಆಗಾಗ ಬರ.

ತಿಂಗಳ ಕೊನೆಗೆ ಕ್ರಿಯಾಟಿನಿನ್ ಏರಿತ್ತು. ಬೆಳಗಾವಿಯಲ್ಲಿ ಬಯಾಪ್ಸಿ ಮಾಡಿದರು.

ರಿಜೆಕ್ಷನ್. ಹೊಸ ಕಿಡ್ನಿಯನ್ನು ಮೈ ಒಲ್ಲೆನ್ನುತ್ತಿತ್ತು.

"ಗುಳಿಗಿ ಟೈಮಿಗೆ ತಗೋತೀರಿಲ್ರಿ?" ಎಂದರು ಡಾಕ್ಟರು. ಹೂಂ ಅನ್ನುವಷ್ಟರಲ್ಲಿ ಅವ್ವ ಬಾಯಿಬಿಟ್ಟಳು. "ಇಲ್ರಿ. ಪೂಜಿ ಮುಗದ ಮ್ಯಾಲ ತಗೋತಾಳ್ರಿ."

ಡಾಕ್ಟರು ಬೈಯಲಿಲ್ಲ. "ಮೈ ಕಾಯೋ ಜೀವಕೋಶದಾಗ ಒಂದ್ ಎಂಜೈಮ್ ಐತ್ರಿ. ಅದು ಒಂದ್ ಪ್ರೋಟೀನಿಗೆ ಅಂಟಿದ ಫಾಸ್ಫೇಟ್ ಕೀಳ್ತೈತಿ. ಕಿತ್ತ ಕೂಡ್ಲೆ ಆ ಪ್ರೋಟೀನ್ ಒಳಗ ಹೋಗಿ, ಹೊರಗಿನವರು ಬಂದಾರ, ಹೊಡೀರಿ ಅಂತ ಎಬ್ಬಿಸ್ತೈತಿ. ಈ ಗುಳಿಗಿ ಆ ಎಂಜೈಮಿನ ಕೈ ಹಿಡಿದಿರ್ತೈತಿ. ತಡಾ ಆದ್ರ ಕೈ ಬಿಡ್ತೈತ್ರಿ."

ನನಗೆ ತಿಳಿಯಿತು. ಕಚ್ಚಾ ಹೊಲಿಗೆ ಬಿಚ್ಚಿದರೆ ರವಿಕೆಯ ತೋಳು ಕಳಚಿ ಕೈಗೆ ಬರುವುದನ್ನು ದಿನಾ ನೋಡುವವಳು ನಾನು. ಬಿಚ್ಚುವವನ ಕೈ ಹಿಡಿಯಬೇಕಿತ್ತು, ಹಿಡಿದಿರಲಿಲ್ಲ. ಅವ್ವನ ಕಿಡ್ನಿಯನ್ನು ಕೈಯಾರೆ ಕೆಡಿಸಿದೆನಲ್ಲ ಎಂದು ವಾರ್ಡಿನಲ್ಲಿ ಅತ್ತೆ. ನನ್ನ ಮೈಗೆ ಅವ್ವ ಹೊರಗಿನವಳಾದದ್ದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಮೂರು ದಿನ ಸ್ಟಿರಾಯ್ಡ್ ಡ್ರಿಪ್. ಕ್ರಿಯಾಟಿನಿನ್ ಇಳಿಯಿತು, ಮೊದಲಿನ ಮಟ್ಟಕ್ಕಲ್ಲ. ಆದರೆ ಕಿಡ್ನಿ ಉಳಿಯಿತು.

ಮನೆಗೆ ಬಂದ ಮರುದಿನ ಇಬ್ಬರೂ ಪೂಜೆಗೆ ಕೂತೆವು. ಅಂಗೈಯಲ್ಲಿ ಲಿಂಗವಿರುವಾಗ ಅವ್ವ ಯಾರೊಡನೆಯೂ ಮಾತಾಡಿದವಳಲ್ಲ. ಬೀಗರು ಬಂದು ಬಾಗಿಲಲ್ಲಿ ನಿಂತರೂ ಕಣ್ಣು ತೆರೆದವಳಲ್ಲ.

ಅಂದು ತೆರೆದಳು.

"ಎಂಟಾತು. ಗುಳಿಗಿ ನುಂಗು."

"ಪೂಜಿ ಮುಗದಿಲ್ಲ ಯವ್ವಾ."

"ನಿಂದೂ ಸೇರಿಸಿ ನಾ ಮಾಡ್ತೇನಿ. ನೀ ನುಂಗು."

ಆರು ತಿಂಗಳಾಯಿತು. ಕಿಡ್ನಿ ನಡೆದಿದೆ, ಮುಂದಿನದು ಗೊತ್ತಿಲ್ಲ, ಅಂಜಿಕೆಯೂ ಇಲ್ಲ. ಪೂಜೆಯ ನಡುವೆ ಅವ್ವ ಈಗಲೂ ಆಡುವುದು ಅದೊಂದೇ ಮಾತು.