ಕಿಟಕಿ ಸೀಟು ಮತ್ತು ಕೆಂಪು ಬಕೆಟ್ಟು

ನೀವು ನಂಬುವುದಿಲ್ಲ, ಬೆಟ್ ಕಟ್ಟುತ್ತೇನೆ. ನೋಟಿನ ಮೇಲೆ ನಗುವ ಅಜ್ಜನ ಆಶ್ರಮಕ್ಕೆ ನಾನು ಸಾವಿರ ಸಲ ಹೋಗಿದ್ದೇನೆ. ಸರಿ, ಹನ್ನೊಂದು ಸಲ. ಅಪ್ಪನನ್ನು ಬ್ಯಾಂಕಿನವರು ಅಹಮದಾಬಾದಿಗೆ ವರ್ಗ ಮಾಡಿದ ಮೇಲೆ ಹುಬ್ಬಳ್ಳಿಯಿಂದ ಯಾರೇ ಬರಲಿ, ಮೊದಲು ಮಣಿನಗರದ ನಮ್ಮ ಮನೆಯಲ್ಲಿ ಚಹಾ, ಆಮೇಲೆ ಆಶ್ರಮ. ಗೈಡ್ ನಾನೇ.

ಈ ಸಲ ಬಂದವರು ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಮತ್ತು ಮಾವ. ಮರುದಿನ ಅವರ ಕಾರು ವಡೋದರಾ, ಸೂರತ್ ದಾಟಿ, ಅಜ್ಜ ಉಪ್ಪು ಹಿಡಿದೆತ್ತಿದ ಕಡಲತೀರಕ್ಕೆ ಹೊರಡುವುದಿತ್ತು. ಕಿಟಕಿ ಪಕ್ಕದ ಸೀಟು ನನ್ನದು. ಅಪ್ಪನದು ಒಂದೇ ಷರತ್ತು: "ಅಕ್ಕನ ಮುಂದ ಒಂದ್ ಸುಳ್ಳು ಹೇಳಿದ್ಯೋ, ಸೀಟ್ ಕ್ಯಾನ್ಸಲ್."

ನಾನು ಸುಳ್ಳು ಹೇಳುವುದಿಲ್ಲ. ಸ್ವಲ್ಪ ಎಳೆಯುತ್ತೇನೆ, ಅಷ್ಟೇ.

ಆಶ್ರಮ ತಲುಪಿದೊಡನೆ ಅಪ್ಪ ಮಜ್ಜಿಗೆ ತರಲು ಹೋದರು. ಅಜ್ಜನ ನಿಜವಾದ ಕೋಣೆಯ ಮುಂದೆ ಗುಜರಾತಿನ ಅರ್ಧ ಶಾಲೆಗಳು ಸಾಲು ನಿಂತಿದ್ದವು. ಬಿಸಿಲಿಗೆ ನನ್ನ ಚಪ್ಪಲಿ ದೋಸೆಯಂತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಹಿಂದುಗಡೆ ಬೇವಿನ ನೆರಳಲ್ಲಿ ಮಾಲಿ ಸಾಮಾನಿಡುವ ಸಣ್ಣ ಕೋಣೆ ತಣ್ಣಗಿತ್ತು. ಅದರ ಕಿಟಕಿ ತೋರಿಸಿ, "ಇದ ನೋಡ್ರಿ ಅತ್ತಿ, ಅಜ್ಜಾರ ಖೋಲಿ," ಎಂದೆ.

"ಅಯ್ಯ ನನ್ನಪ್ಪ, ಇಷ್ಟ್ ಸಣ್ಣ ಖೋಲ್ಯಾಗ ಇದ್ರಾ? ಕಾಲು ಹೆಂಗ ಚಾಚತಿದ್ರೋ?"

"ಚಾಚತಿರ್ಲೇ ಇಲ್ಲ ಅತ್ತಿ. ಕುಂತೇ ನಿದ್ದಿ. ಮೂಲ್ಯಾಗಿನ ಕೋಲು ನೋಡ್ರಿ. ಅವ್ರು ನಡಿಯೋ ಸ್ಪೀಡಿಗೆ ಕೋಲಿಗೇ ದಮ್ ಹತ್ತತಿತ್ತು."

ಅದು ಕಸಬರಿಗೆಯ ಹಿಡಿ.

ಮಾವನ ಕಣ್ಣು ಚುರುಕು. "ಲೇ, ಆ ಕೆಂಪು ಪ್ಲಾಸ್ಟಿಕ್ ಬಕೆಟ್?"

"ವಿದೇಶಿ ಮಾಲು ಮಾವಾ. ಸುಡಾಕ ಇಟ್ಟಿದ್ರು, ಮರತ್ರು."

ಮಾವ ಗಂಭೀರವಾಗಿ ತಲೆಯಾಡಿಸಿದರು. ಅತ್ತೆ ಚಪ್ಪಲಿ ಬಿಟ್ಟು, ಮುಡಿಯ ಮಲ್ಲಿಗೆ ತೆಗೆದು ಕಿಟಕಿಯಲ್ಲಿಟ್ಟು, ಕಣ್ಣು ಮುಚ್ಚಿ ಕೈಮುಗಿದರು. ಅದನ್ನು ಕಂಡ ಒಂದು ಗುಜರಾತಿ ಕುಟುಂಬವೂ ಚಪ್ಪಲಿ ಬಿಟ್ಟಿತು. ಅವರ ಹಿಂದೆ ಇನ್ನೊಂದು. ನೋಡನೋಡುತ್ತ ನನ್ನ ಕೋಣೆಗೂ ಸಾಲು! ಎದೆ ಉಬ್ಬಿ ಶರ್ಟಿನ ಗುಂಡಿ ಹಾರುವುದರಲ್ಲಿತ್ತು.

ಆ ಸಾಲನ್ನು ಸೀಳಿಕೊಂಡು, ನಾಲ್ಕು ಲೋಟ ಮಜ್ಜಿಗೆ ಹಿಡಿದು ಅಪ್ಪ ಬಂದರು. ಕಿಟಕಿಯೊಳಗೆ ಇಣುಕಿದರು. ಬಕೆಟ್ಟು ನೋಡಿದರು, ಮಲ್ಲಿಗೆ ನೋಡಿದರು, ಕೊನೆಗೆ ನನ್ನನ್ನು.

"ಕಣ್ಣ ತಗಿ ಅಕ್ಕಾ, ಇದು ಮಾಲಿ ಖೋಲಿ. ಸುಳ್ಳು ಹೇಳಾಕ ಜಾಗಾ ಭಾಳ ಛಲೋ ಹುಡುಕ್ಯಾನ ನಿನ್ನ ಅಳಿಯ."

ನನ್ನ ಪಾಲಿನ ಲೋಟವನ್ನೂ ಮಾವನ ಕೈಗಿತ್ತರು.

"ಹಿಡೀರಿ ಭಾವ. ನಾಳೆ ಕಿಟಕಿ ಬಾಜೂಕ ನಿಮ್ಮ ಬ್ಯಾಗ್ ಇಟ್ಕೋರಿ."